ಹತ್ತಿ ಬಟ್ಟೆಯ ಮೇಲೆ ಡೈ ಚಿತ್ರಕಲೆ: ಗೆರೆ ಹರಡುವುದೇಕೆ, ಒಗೆದಾಗ ಬಣ್ಣ ಹೋಗುವುದೇಕೆ?

ಕುಂಚಬಳ್ಳಿ

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಕಾಗದದ ಮೇಲೆ ಜಲವರ್ಣದಲ್ಲಿ ಚಿತ್ರ ಬರೆದು ರೂಢಿಯಿರುವ ನಾನು ಈಚೆಗೆ ಬಟ್ಟೆಗೆ ಕೈಹಾಕಿದ್ದೇನೆ. ಬಿಳಿ ಹತ್ತಿ ಬಟ್ಟೆಯ ಅಂಚಿನುದ್ದಕ್ಕೂ ಒಂದು ಬಳ್ಳಿ, ಅದಕ್ಕೆ ಕಿರುಬೆರಳಿನಷ್ಟು ಉದ್ದದ ಎಲೆಗಳು, ಇಷ್ಟೇ ನನ್ನ ಯೋಜನೆ. ರಿಯಾಕ್ಟಿವ್ ಡೈ ಪುಡಿಯನ್ನು ನೀರಿನಲ್ಲಿ ಕರಗಿಸಿ, ಸಣ್ಣ ಕುಂಚದಿಂದ ಮೊದಲ ಎಲೆಯ ತುದಿಯನ್ನು ಎಳೆದೆ. ಕುಂಚ ಮೇಲೆತ್ತುವಷ್ಟರಲ್ಲಿ ಗೆರೆಯು ಎರಡೂ ಬದಿಗೆ ಹರಡಿ, ನೂಲಿನ ಗುಂಟ ಸಣ್ಣ ಸಣ್ಣ ಮುಳ್ಳುಗಳೆದ್ದು, ನನ್ನ ಎಲೆ ಕಂಬಳಿಹುಳುವಿನಂತೆ ಕಾಣತೊಡಗಿತು.

ಹೇಗೋ ಮುಗಿಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಬಣ್ಣ ನಿಲ್ಲಲೆಂದು ವಿನೆಗರ್ ಮತ್ತು ಉಪ್ಪು ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದೆ. ಕಡುಹಸಿರು ಒಂದೇ ಒಗೆತಕ್ಕೆ ಮಾಸಲು ಪಾಚಿಯ ಬಣ್ಣಕ್ಕೆ ಇಳಿಯಿತು. ಡೈ ಕಳಪೆಯದೋ, ಬಟ್ಟೆ ಸರಿಯಿಲ್ಲವೋ, ನನ್ನ ವಿಧಾನವೇ ತಪ್ಪೋ ತಿಳಿಯುತ್ತಿಲ್ಲ. ಹೊರಗೆರೆಗೆ ಮಾಮೂಲಿ ಪೆನ್ನಿನ ಇಂಕು ಬಳಸಬಹುದೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಹಾಸುಹೊಕ್ಕು

ಕುಂಚಬಳ್ಳಿಯವರೇ, ನೀವು ಒಂದೇ ತೊಂದರೆಯೆಂದು ಭಾವಿಸಿರುವುದು ವಾಸ್ತವದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು. ಗೆರೆ ಹರಡುವುದು ನೀರು ಮತ್ತು ನೇಯ್ಗೆಗೆ ಸಂಬಂಧಿಸಿದ ವಿಷಯ. ಒಗೆದಾಗ ಬಣ್ಣ ಹೋಗುವುದು ರಸಾಯನಕ್ಕೆ ಸಂಬಂಧಿಸಿದ ವಿಷಯ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ವಾಸಿಯಾಗುವುದಿಲ್ಲ. ನಾನು ಮೊದಲನೆಯದನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಕಾಗದ ತಯಾರಿಸುವಾಗ ಅದಕ್ಕೆ ಅಂಟಿನ ಲೇಪ ಕೊಟ್ಟಿರುವುದರಿಂದ ಜಲವರ್ಣ ಸ್ವಲ್ಪ ಹೊತ್ತು ಮೇಲೆಯೇ ನಿಂತಿರುತ್ತದೆ. ಹತ್ತಿ ಬಟ್ಟೆಯಲ್ಲಿ ಅಂಥ ತಡೆಯಿಲ್ಲ. ಪ್ರತಿ ನೂಲೂ ನೂರಾರು ಎಳೆಗಳ ಹುರಿ, ಆ ಎಳೆಗಳ ನಡುವಿನ ಸಂದುಗಳು ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ ನೀರನ್ನು ಎಳೆಯುತ್ತವೆ. ನೀವು ಕಂಡ ಮುಳ್ಳುಗಳು ಹಾಸುನೂಲು ಮತ್ತು ಹೊಕ್ಕುನೂಲಿನ ದಿಕ್ಕಿನಲ್ಲಿಯೇ ಎದ್ದಿರುತ್ತವೆ, ಓರೆಯಾಗಿ ಎದ್ದಿರುವುದಿಲ್ಲ. ಭೂತಗನ್ನಡಿ ಇದ್ದರೆ ನೋಡಿ. ಆದ್ದರಿಂದ ಕುಂಚ ಎಷ್ಟೇ ಸಣ್ಣದಾದರೂ ತೆಳು ದ್ರವ ಹರಡಿಯೇ ತೀರುತ್ತದೆ. ದ್ರವವನ್ನು ಗಟ್ಟಿ ಮಾಡುವುದು, ಬಟ್ಟೆಗೆ ಮೊದಲೇ ಒಂದು ಲೇಪ ಕೊಟ್ಟು ಒಣಗಿಸುವುದು, ಅಥವಾ ಗೆರೆಯ ಸುತ್ತ ಮೇಣದಂಥ ತಡೆ ಕಟ್ಟುವುದು, ಈ ಮೂರರಲ್ಲಿ ಒಂದನ್ನು ಮಾಡಲೇಬೇಕು.

ಅದಕ್ಕೂ ಮೊದಲು ಬಟ್ಟೆಯನ್ನು ಪರೀಕ್ಷಿಸಿಕೊಳ್ಳಿ. ಹೊಸ ಬಟ್ಟೆಗೆ ಮಗ್ಗದ ಗಂಜಿಯೂ ಹೊಳಪಿನ ಲೇಪವೂ ಇರುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ: ತಕ್ಷಣ ಹೀರಿಕೊಂಡರೆ ಬಟ್ಟೆ ಸಿದ್ಧವಿದೆ, ಮಣಿಯಂತೆ ನಿಂತರೆ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್ ಎಂಬ ಕ್ಷಾರದ ಪುಡಿ) ಮತ್ತು ಸ್ವಲ್ಪ ಸೋಪು ಹಾಕಿದ ಬಿಸಿನೀರಿನಲ್ಲಿ ಚೆನ್ನಾಗಿ ಒಗೆದು ಆಮೇಲೆ ಕೆಲಸ ಶುರುಮಾಡಿ. ಒಂದೇ ಬಟ್ಟೆಯಲ್ಲಿ ಒಂದು ಕಡೆ ಹೀರಿ ಇನ್ನೊಂದು ಕಡೆ ನಿಲ್ಲುವುದೂ ಉಂಟು; ಅಂಥ ಬಟ್ಟೆಯ ಮೇಲೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ.

ತಿಳಿನೀಲಿ

ನಾನು ಬಟ್ಟೆಗೆ ಬಣ್ಣ ಹಾಕಲು ಕಲಿತಾಗ, ಕೊನೆಯಲ್ಲಿ ವಿನೆಗರ್ ನೀರಿನಲ್ಲಿ ಅದ್ದಿದರೆ ಯಾವ ಬಣ್ಣವೂ ಬಿಡುವುದಿಲ್ಲವೆಂದು ಹೇಳಿಕೊಟ್ಟಿದ್ದರು. ಇಂದಿಗೂ ಹಾಗೆಯೇ ಮಾಡುತ್ತೇನೆ. ಕುಂಚಬಳ್ಳಿಯವರು ವಿನೆಗರ್‌ನ ಪ್ರಮಾಣ ಕಡಿಮೆ ಹಾಕಿರಬಹುದೆಂದು ನನ್ನ ಅನಿಸಿಕೆ.

ಬಣ್ಣದಬೋಗುಣಿ

ತಿಳಿನೀಲಿಯವರೇ, ತಮ್ಮ ಅನುಭವವನ್ನು ಅಲ್ಲಗಳೆಯುತ್ತಿಲ್ಲ. ಆದರೆ ತಾವು ಕಲಿತಿದ್ದು ರೇಷ್ಮೆ ಅಥವಾ ಉಣ್ಣೆಯ ಮೇಲಿನ ಕೆಲಸವಾಗಿರಬೇಕೆಂದು ಊಹಿಸುತ್ತೇನೆ. ಪ್ರಾಣಿಜನ್ಯ ನೂಲಿಗೆ ಆಮ್ಲ ಬೇಕು, ಹತ್ತಿಗೆ ಅದರ ಉಲ್ಟಾ ಬೇಕು. ಈ ಒಂದು ಗೊಂದಲದಿಂದ ಹಾಳಾದಷ್ಟು ಬಟ್ಟೆ ಬಹುಶಃ ಬೇರೆ ಯಾವುದರಿಂದಲೂ ಹಾಳಾಗಿರಲಾರದು.

ಮೊದಲ ಕೃತಕ ಬಣ್ಣಗಳಲ್ಲಿ ಹೆಸರಾದ ಮಾವ್ ಬಣ್ಣವನ್ನು ವಿಲಿಯಂ ಹೆನ್ರಿ ಪರ್ಕಿನ್ 1856ರಲ್ಲಿ ಕಂಡುಹಿಡಿದ. ಅಲ್ಲಿಂದ ಸರಿಯಾಗಿ ನೂರು ವರ್ಷಕ್ಕೆ, 1956ರಲ್ಲಿ, ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಹತ್ತಿಗಾಗಿ ರಿಯಾಕ್ಟಿವ್ ಡೈಗಳನ್ನು ಮಾರುಕಟ್ಟೆಗೆ ತಂದಿತು. ಆವರೆಗೆ ಹತ್ತಿಗೆ ಬಳಸುತ್ತಿದ್ದ ಡೈಗಳು ನೂಲಿಗೆ ಸುಮ್ಮನೆ ಅಂಟಿಕೊಳ್ಳುತ್ತಿದ್ದವು, ಇಲ್ಲವೇ ನೂಲಿನೊಳಗೆ ಕರಗದ ಕಣಗಳಾಗಿ ಸಿಕ್ಕಿಕೊಳ್ಳುತ್ತಿದ್ದವು. ರಿಯಾಕ್ಟಿವ್ ಡೈ ಹಾಗಲ್ಲ, ಅದು ಹತ್ತಿಯ ಸೆಲ್ಯುಲೋಸಿನೊಂದಿಗೆ ರಾಸಾಯನಿಕ ಬಂಧ ಕಟ್ಟಿಕೊಂಡು ನೂಲಿನ ಭಾಗವೇ ಆಗಿಬಿಡುತ್ತದೆ. ಆದರೆ ಆ ಬಂಧ ಏರ್ಪಡಲು ಕ್ಷಾರ ಬೇಕು, ತೇವ ಬೇಕು, ತಕ್ಕಷ್ಟು ಬೆಚ್ಚಗಿನ ವಾತಾವರಣ ಬೇಕು, ಜೊತೆಗೆ ಸಮಯವೂ ಬೇಕು. ಕುಂಚಬಳ್ಳಿಯವರು ಕ್ಷಾರವನ್ನು ಹಾಕಲೇ ಇಲ್ಲ, ಬಟ್ಟೆಯನ್ನು ಬೇಗ ಒಣಗಿಸಿ ತೇವವನ್ನು ಕಳೆದರು, ಅದರ ಮೇಲೆ ಆಮ್ಲವನ್ನು ಸುರಿದರು. ಡೈ ಕಳಪೆಯದಲ್ಲ, ಅದಕ್ಕೆ ಕೆಲಸ ಮಾಡುವ ಅವಕಾಶವೇ ಸಿಗಲಿಲ್ಲ.

ಉಪ್ಪಿನ ವಿಷಯವೂ ಇಂಥದ್ದೇ. ಬಟ್ಟೆಯನ್ನು ಡೈ ನೀರಿನ ಪಾತ್ರೆಯಲ್ಲಿ ಮುಳುಗಿಸಿ ಬಣ್ಣ ಹಾಕುವಾಗ, ನೀರಿನಲ್ಲಿ ತೇಲುವ ಡೈ ನೂಲಿನ ಕಡೆಗೆ ಹೋಗುವಂತೆ ಉಪ್ಪು ಒತ್ತಾಯಿಸುತ್ತದೆ. ಕುಂಚದಿಂದ ಬರೆಯುವಾಗ ಡೈ ಆಗಲೇ ನೂಲಿನ ಮೇಲೆಯೇ ಇರುವುದರಿಂದ ಉಪ್ಪಿಗೆ ಅಲ್ಲಿ ಕೆಲಸವಿಲ್ಲ.

ನಾನು ಅನುಸರಿಸುವ ಕ್ರಮ ಹೀಗಿದೆ. ಲೀಟರ್ ನೀರಿಗೆ ಸುಮಾರು 60 ಗ್ರಾಂ ಸೋಡಾ ಆಶ್ ಕರಗಿಸಿ, ಒಗೆದ ಬಟ್ಟೆಯನ್ನು ಅದರಲ್ಲಿ ಕಾಲು ಗಂಟೆ ನೆನೆಸಿ, ಹಿಂಡಿ, ಹಗ್ಗದ ಮೇಲೆ ಒಣಗಲು ಬಿಡುತ್ತೇನೆ. ಒಣಗಿದ ಈ ಬಟ್ಟೆಗೆ ಇಸ್ತ್ರಿ ಮುಟ್ಟಿಸಬಾರದು; ಕ್ಷಾರ ತುಂಬಿದ ಹತ್ತಿ ಬಿಸಿ ತಾಗಿದರೆ ಕಂದುಗಟ್ಟುತ್ತದೆ. ಇನ್ನೊಂದು ಪಾತ್ರೆಯಲ್ಲಿ ಲೀಟರಿಗೆ 100ರಿಂದ 150 ಗ್ರಾಂ ಯೂರಿಯಾ ಕರಗಿಸಿದ ನೀರನ್ನು ಸಿದ್ಧಮಾಡಿಕೊಂಡು, ಡೈಯನ್ನು ಅದರಲ್ಲಿ ಕಲೆಸುತ್ತೇನೆ. ಯೂರಿಯಾ ಡೈ ಹೆಚ್ಚು ಕರಗಲು ನೆರವಾಗುತ್ತದೆ, ಬಟ್ಟೆ ಬೇಗ ಒಣಗದಂತೆಯೂ ನೋಡಿಕೊಳ್ಳುತ್ತದೆ. ಬರೆದು ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಚಿತ್ರದ ಮೇಲೆ ಚಿತ್ರ ಕೂರದಂತೆ ಸುರುಳಿ ಸುತ್ತಿ, 24 ಗಂಟೆ ಹಾಗೆಯೇ ಇಡುತ್ತೇನೆ. ಕೋಣೆಯ ತಾಪ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಬಟ್ಟೆಗೆ ಸೋಡಾ ಕುಡಿಸುವ ಬದಲು ಡೈಗೇ ಸೋಡಾ ಬೆರೆಸುವವರೂ ಇದ್ದಾರೆ. ಅದು ತಪ್ಪಲ್ಲ. ಆದರೆ ಸೋಡಾ ಬಿದ್ದ ಗಳಿಗೆಯಿಂದ ಡೈ ನೀರಿನೊಂದಿಗೇ ಕೂಡಿಕೊಳ್ಳತೊಡಗುವುದರಿಂದ ಕೆಲವೇ ಗಂಟೆಗಳಲ್ಲಿ ಬಟ್ಟಲಿನಲ್ಲಿ ಉಳಿಯುವುದು ಬರೀ ಬಣ್ಣದ ನೀರು. ನೋಡಲು ಅದು ತಾಜಾ ಡೈಯಂತೆಯೇ ಕಾಣುತ್ತದೆ, ಒಗೆದಾಗಲೇ ಮೋಸ ತಿಳಿಯುವುದು. ನಿಧಾನವಾಗಿ ಬರೆಯುವವರಿಗೆ ಬಟ್ಟೆಗೆ ಸೋಡಾ ಕುಡಿಸುವ ಕ್ರಮವೇ ಮೇಲು.

ತಿಳಿನೀಲಿ

ತಮ್ಮ ಊಹೆ ಸರಿಯಾಗಿದೆ. ನಾನು ಕಲಿತದ್ದು ಉಣ್ಣೆಯ ಮೇಲೆಯೇ, ಅದೂ ಬಿಸಿನೀರಿನಲ್ಲಿ ಕುದಿಸಿ. ನಂತರ ಅದೇ ಡೈಯನ್ನು ಹತ್ತಿಗೆ ಬಳಸಿದಾಗ ಬಣ್ಣ ಬಿಟ್ಟರೆ ಬಟ್ಟೆಯನ್ನೇ ದೂರುತ್ತಿದ್ದೆ. ಹಾಗಾದರೆ ರಿಯಾಕ್ಟಿವ್ ಡೈಯನ್ನು ಉಣ್ಣೆಗೆ ವಿನೆಗರ್ ಹಾಕಿ ಬಳಸಿದ್ದು ಫಲಿಸಿದ್ದು ಹೇಗೆ?

ಬಣ್ಣದಬೋಗುಣಿ

ಆಮ್ಲ ಮತ್ತು ಬಿಸಿ ಎರಡೂ ಇದ್ದಾಗ ರಿಯಾಕ್ಟಿವ್ ಡೈ ಉಣ್ಣೆ, ರೇಷ್ಮೆಗಳ ಪ್ರೋಟೀನಿನ ಮೇಲೆ ಆಸಿಡ್ ಡೈಯಂತೆ, ಅಂದರೆ ಆಮ್ಲದ ನೆರವಿನಿಂದ ಇಂಥ ನೂಲಿಗೆ ಹಿಡಿಯುವ ಡೈಯಂತೆ, ವರ್ತಿಸುತ್ತದೆ, ಅದರಿಂದ ತಮಗೆ ಒಳ್ಳೆಯ ಫಲ ಸಿಕ್ಕಿದೆ. ಹತ್ತಿಯಲ್ಲಿ ಪ್ರೋಟೀನ್ ಇಲ್ಲ. ಇಷ್ಟಲ್ಲದೆ, ಈಗಾಗಲೇ ಹತ್ತಿಯೊಂದಿಗೆ ಕಟ್ಟಿಕೊಂಡ ಬಂಧವನ್ನೂ ಆಮ್ಲವು ಕ್ರಮೇಣ ಸಡಿಲಿಸಬಲ್ಲದು.

ಕುಂಚಬಳ್ಳಿ

ತುಂಬ ಉಪಕಾರವಾಯಿತು. ಬಣ್ಣ ನಿಲ್ಲುವ ವಿಷಯ ಅರ್ಥವಾಯಿತು, ಗೆರೆ ನಿಲ್ಲುವ ವಿಷಯ ಇನ್ನೂ ಉಳಿದಿದೆ. ಡೈಯನ್ನು ಗಟ್ಟಿ ಮಾಡಲು ಮೈದಾ ಅಂಟು ಅಥವಾ ಗಂಜಿ ಬೆರೆಸಿದರೆ ಆಗುವುದಿಲ್ಲವೇ?

ಹಾಸುಹೊಕ್ಕು

ಗೆರೆ ನಿಲ್ಲುತ್ತದೆ, ಬಣ್ಣ ನಿಲ್ಲುವುದಿಲ್ಲ. ಗಂಜಿಯ ಪಿಷ್ಟ ಮತ್ತು ಹತ್ತಿಯ ಸೆಲ್ಯುಲೋಸ್ ಎರಡೂ ಗ್ಲೂಕೋಸಿನ ಸರಪಳಿಗಳೇ, ಒಂದರ್ಥದಲ್ಲಿ ದಾಯಾದಿಗಳು. ಡೈಗೆ ಇವೆರಡರ ನಡುವೆ ಭೇದ ತಿಳಿಯದು. ಬಟ್ಟೆಯೊಂದಿಗೆ ಕೂಡಬೇಕಾದದ್ದು ಗಂಜಿಯೊಂದಿಗೇ ಕೂಡಿ, ಒಗೆದಾಗ ಗಂಜಿಯ ಜೊತೆಗೇ ಹೋಗಿಬಿಡುತ್ತದೆ. ಆದ್ದರಿಂದಲೇ ರಿಯಾಕ್ಟಿವ್ ಡೈಗೆ ಕಡಲ ಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟನ್ನು ಬಳಸುತ್ತಾರೆ. ಅದು ಡೈಯೊಂದಿಗೆ ಕೂಡುವುದು ಅತ್ಯಲ್ಪ, ತಣ್ಣೀರಿನಲ್ಲಿ ತೊಳೆದರೂ ಬಿಟ್ಟುಹೋಗುತ್ತದೆ.

ಲೀಟರ್ ಯೂರಿಯಾ ನೀರಿಗೆ 15ರಿಂದ 25 ಗ್ರಾಂ ಸಾಕಾಗುತ್ತದೆ. ಪುಡಿಯನ್ನು ಒಮ್ಮೆಗೇ ಸುರಿದರೆ ಒಳಗೆ ಒಣಪುಡಿ, ಹೊರಗೆ ಲೋಳೆಯಿರುವ ಗಂಟುಗಳಾಗಿ, ಅವನ್ನು ಒಡೆಯುವುದರಲ್ಲೇ ಒಂದು ಹೊತ್ತು ಕಳೆಯುತ್ತದೆ. ನೀರನ್ನು ತಿರುವುತ್ತಲೇ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ರಾತ್ರಿಯಿಡೀ ಬಿಟ್ಟರೆ ಉಳಿದ ಸಣ್ಣ ಗಂಟುಗಳು ತಾವಾಗಿಯೇ ಕರಗಿರುತ್ತವೆ. ಗಡಸು ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ ಆಲ್ಜಿನೇಟನ್ನು ಹೆಪ್ಪುಗಟ್ಟಿಸುತ್ತದೆ. ಅದಕ್ಕೆ ಆ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟನ್ನು ಲೀಟರಿಗೆ 5 ಗ್ರಾಮಿನಷ್ಟು ಮೊದಲೇ ಹಾಕಿಕೊಳ್ಳಬೇಕು. ತೆಳು ಗೆರೆಗೆ ಚಮಚದಿಂದ ಎಳೆಯಾಗಿ ಇಳಿಯುವ ಜೇನಿನ ಹದ, ಅಗಲವಾದ ತುಂಬುಬಣ್ಣಕ್ಕೆ ಅದಕ್ಕಿಂತ ತೆಳು ಹದ ಸಾಕು. ಹದ ನೋಡದೆ ಅಳತೆಯನ್ನೇ ನಂಬಬೇಡಿ, ಆಲ್ಜಿನೇಟಿನಲ್ಲಿಯೇ ಹೆಚ್ಚು ಗಟ್ಟಿಯಾಗುವುದು, ಕಡಿಮೆ ಗಟ್ಟಿಯಾಗುವುದು ಎಂಬ ಬಗೆಗಳಿವೆ.

ಗಟ್ಟಿ ಡೈಯಲ್ಲಿ ಕುಂಚದ ಅಭ್ಯಾಸವನ್ನೂ ಬದಲಿಸಿಕೊಳ್ಳಬೇಕಾಗುತ್ತದೆ. ಜಲವರ್ಣದ ಮೃದು ಕುಂಚ ಈ ಲೋಳೆಯನ್ನು ಬಟ್ಟೆಯೊಳಗೆ ತಳ್ಳಲಾರದು, ಮೇಲೆ ಸವರಿ ಬಿಡುತ್ತದೆ. ಗಡುಸು ಕೂದಲಿನ ಚಪ್ಪಟೆ ಕುಂಚ ತೆಗೆದುಕೊಂಡು, ಗೆರೆ ಎಳೆದ ಮೇಲೆ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ. ಬಣ್ಣ ಹಿಂದೆ ಅರ್ಧಕ್ಕರ್ಧವಾದರೂ ಕಾಣದಿದ್ದರೆ, ಒಗೆದ ಮೇಲೆ ಚಿತ್ರ ಬಿಳಿಚಿಕೊಳ್ಳುವುದು ಖಚಿತ.

ಮಸಿಕುಡಿಕೆ

ಇಂಕಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಮಾಮೂಲಿ ಫೌಂಟನ್ ಪೆನ್ನಿನ ಇಂಕು ನೀರಿನಲ್ಲಿ ಕರಗುವ ಡೈ. ಅದನ್ನು ಬಟ್ಟೆಗೆ ಬಂಧಿಸುವ ಯಾವ ಏರ್ಪಾಡೂ ಅದರಲ್ಲಿಲ್ಲ. ಒಗೆದರೆ ಪೂರ್ತಿ ಹೋಗುವುದೂ ಇಲ್ಲ, ಪೂರ್ತಿ ಉಳಿಯುವುದೂ ಇಲ್ಲ. ಹಳೆಯ ಕಾಲದ ಕಬ್ಬಿಣದ ಮಸಿಯನ್ನು ಬಟ್ಟೆಗೆ ಬಳಸುವ ಆಸೆ ಕೆಲವರಿಗಿರುತ್ತದೆ, ಅದರ ಆಮ್ಲ ಮತ್ತು ಕಬ್ಬಿಣ ಎರಡೂ ಸೇರಿ ವರ್ಷಗಳು ಕಳೆದಂತೆ ನೂಲನ್ನೇ ತಿನ್ನುತ್ತವೆ.

ಹೊರಗೆರೆಗೆ ಬೇಕಾದದ್ದು ಪಿಗ್ಮೆಂಟ್ ಇಂಕು. ಪಿಗ್ಮೆಂಟ್ ಕರಗುವುದಿಲ್ಲ, ಸೂಕ್ಷ್ಮ ಕಣಗಳಾಗಿ ತೇಲುತ್ತದೆ, ಜೊತೆಗಿರುವ ಬೈಂಡರ್ ಅದನ್ನು ನೂಲಿನ ಮೇಲ್ಮೈಗೆ ಅಂಟಿಸುತ್ತದೆ. ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಎಂಬ ಭೇದ ಅದಕ್ಕೆ ಅಷ್ಟಾಗಿ ಇಲ್ಲದಿರುವುದು ದೊಡ್ಡ ಅನುಕೂಲ. ಮುಟ್ಟಿದರೆ ಕೈಗೆ ಸ್ವಲ್ಪ ಒರಟೆನಿಸುವುದು ಅದಕ್ಕೆ ತೆರಬೇಕಾದ ಬೆಲೆ. ಪೂರ್ತಿ ಒಣಗಿದ ಮೇಲೆ, ನೀರಾವಿಯಿಲ್ಲದ ಇಸ್ತ್ರಿಪೆಟ್ಟಿಗೆಯಿಂದ ಹಿಂಬದಿಯಲ್ಲಿ ಮೂರರಿಂದ ಐದು ನಿಮಿಷ ಕಾಯಿಸಿದರೆ ಬೈಂಡರ್ ಗಟ್ಟಿಯಾಗುತ್ತದೆ. ಇದೇ ಬಗೆಯ, ಪಿಗ್ಮೆಂಟ್ ಮತ್ತು ಬೈಂಡರ್ ಇರುವ ಫ್ಯಾಬ್ರಿಕ್ ಪೇಂಟನ್ನು ತೆಳು ಮಾಡಲು ನೀರನ್ನೇ ಸುರಿಯುತ್ತ ಹೋದರೆ ಬೈಂಡರ್ ಕೂಡ ತೆಳುವಾಗಿ ಬಣ್ಣ ಉದುರುತ್ತದೆ, ಕಾಲು ಭಾಗಕ್ಕಿಂತ ಹೆಚ್ಚು ನೀರು ಬೇಕೆನಿಸಿದರೆ ನೀರಿನ ಬದಲು ಅದೇ ಪೇಂಟಿನ ಬಣ್ಣವಿಲ್ಲದ ಮೀಡಿಯಂ ಬೆರೆಸಿ.

ಡೈ ಮತ್ತು ಪಿಗ್ಮೆಂಟನ್ನು ಒಂದೇ ಚಿತ್ರದಲ್ಲಿ ಬಳಸುವುದಾದರೆ ಡೈ ಕೆಲಸವನ್ನು ಒಗೆತದ ಸಮೇತ ಮುಗಿಸಿ, ಕೊನೆಗೆ ಪಿಗ್ಮೆಂಟ್ ಗೆರೆ ಎಳೆಯಿರಿ. ನಾನು ತಿರುಗುಮುರುಗಾಗಿ ಮಾಡಿ, ಗೆರೆಯ ಕೆಳಗೆ ಡೈ ಸೇರಲಾಗದೆ ಬಿಳಿ ಎಳೆಗಳು ಇಣುಕುವ ಒಂದು ಮೇಜುಬಟ್ಟೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ರೇಷ್ಮೆಗೆರೆ

ಹತ್ತಿಯವರ ನಡುವೆ ರೇಷ್ಮೆಯ ಮಾತು ಎತ್ತುತ್ತಿರುವುದಕ್ಕೆ ಕ್ಷಮೆಯಿರಲಿ. ಕಾರಣವಿಷ್ಟೇ: ಹರಡುವುದು ತಪ್ಪೆಂಬಂತೆ ಎಲ್ಲರೂ ಬರೆದಿದ್ದೀರಿ, ನಮ್ಮ ಕೆಲಸ ನಡೆಯುವುದೇ ಹರಡುವುದರಿಂದ. ತೆಳು ರೇಷ್ಮೆಯನ್ನು ಚೌಕಟ್ಟಿಗೆ ಬಿಗಿದು, ಗುಟ್ಟಾ ಎಂಬ ತಡೆದ್ರವದಿಂದ ಹೊರಗೆರೆ ಹಾಕಿ, ಒಣಗಿದ ಮೇಲೆ ಒಳಗೆ ಒಂದು ಹನಿ ಡೈ ಮುಟ್ಟಿಸಿದರೆ ಅದು ತಾನಾಗಿ ಓಡಿ ಗೆರೆಯವರೆಗೆ ತುಂಬಿ ನಿಲ್ಲುತ್ತದೆ. ಕುಂಚ ಗೆರೆಯನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಬಾರದು ಕೂಡ. ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದಿದ್ದರೂ ಡೈ ಅಲ್ಲಿಂದ ಹೊರಗೆ ನುಗ್ಗುತ್ತದೆ. ಆದ್ದರಿಂದ ಬಣ್ಣ ಹಾಕುವ ಮೊದಲು ಚೌಕಟ್ಟನ್ನು ಬೆಳಕಿಗೆ ಹಿಡಿದು, ಹಿಂಬದಿಯಿಂದ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ದಪ್ಪ ರೇಷ್ಮೆಯಲ್ಲಿ ಗುಟ್ಟಾ ಆಳಕ್ಕೆ ಇಳಿಯುವುದಿಲ್ಲ, ಡೈ ಅದರ ಅಡಿಯಿಂದ ನುಸುಳುತ್ತದೆ. ಎರಡೂ ಬದಿಯಿಂದ ಗೆರೆ ಎಳೆದರೆ ಸ್ವಲ್ಪ ಮಟ್ಟಿಗೆ ತಡೆಯಬಹುದು.

ಹಸಿಯಿರುವಾಗ ಹರಳುಪ್ಪು ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ತೇವವನ್ನು ಎಳೆದುಕೊಂಡು, ಡೈ ನಕ್ಷತ್ರದ ಕಿರಣಗಳಂತೆ ಅದರ ಕಡೆಗೆ ಸರಿಯುತ್ತದೆ. ಒಣಗಿದ ಬಣ್ಣದ ಮೇಲೆ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಅದರ ವಿರುದ್ಧ: ಡೈ ಹೊರಕ್ಕೆ ತಳ್ಳಲ್ಪಟ್ಟು, ನಡುವೆ ತಿಳಿಯಾಗಿ ಅಂಚಿನಲ್ಲಿ ಕಡುಗೆರೆ ಮೂಡುತ್ತದೆ. ಬಣ್ಣದಬೋಗುಣಿಯವರು ಉಪ್ಪಿಗೆ ಕೆಲಸವಿಲ್ಲ ಎಂದದ್ದು ಬಣ್ಣ ನಿಲ್ಲಿಸುವ ಮಟ್ಟಿಗೆ ಸರಿ, ಚಿತ್ರ ಬರೆಯುವ ಮಟ್ಟಿಗೆ ನಮಗೆ ಉಪ್ಪು ಒಂದು ಕುಂಚವೇ.

ಬಣ್ಣ ನಿಲ್ಲಿಸಲು ನಾವು ಆಸಿಡ್ ಡೈ ಬಳಸಿ ನೀರಾವಿ ಕೊಡುತ್ತೇವೆ. ಅಚ್ಚಾಗದ ಖಾಲಿ ಕಾಗದದ ನಡುವೆ ರೇಷ್ಮೆಯನ್ನು ಸುತ್ತಿ, ಕುದಿಯುವ ನೀರಿನ ಮೇಲೆ, ನೀರಿಗೆ ತಾಗದಂತೆ ಒಂದರಿಂದ ಮೂರು ಗಂಟೆ ಇಡಬೇಕು. ಮುಚ್ಚಳದಲ್ಲಿ ಕೂಡಿದ ಆವಿ ಒಂದೇ ಒಂದು ಹನಿಯಾಗಿ ಬಿದ್ದರೂ ಅಲ್ಲೊಂದು ದುಂಡು ಕಲೆ ಶಾಶ್ವತವಾಗುತ್ತದೆ. ಮುಚ್ಚಳದಡಿ ದಪ್ಪ ಬಟ್ಟೆಯನ್ನು ಕಟ್ಟುವುದನ್ನು ನಾನು ಒಂದು ಶಾಲು ಕಳೆದುಕೊಂಡ ಮೇಲೆ ಕಲಿತೆ.

ಕುಂಚಬಳ್ಳಿ

ಎರಡು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಅದೇ ಬಟ್ಟೆಯ ನಾಲ್ಕು ಪಟ್ಟಿಗಳನ್ನು ಕತ್ತರಿಸಿ, ಮೊದಲನೆಯದಕ್ಕೆ ತೆಳು ಡೈ ಮಾತ್ರ, ಎರಡನೆಯದಕ್ಕೆ ಸೋಡಾ ಕುಡಿಸಿದ ಬಟ್ಟೆಯ ಮೇಲೆ ತೆಳು ಡೈ, ಮೂರನೆಯದಕ್ಕೆ ಸೋಡಾ ಇಲ್ಲದೆ ಆಲ್ಜಿನೇಟ್ ಡೈ, ನಾಲ್ಕನೆಯದಕ್ಕೆ ಎರಡೂ ಬಳಸಿ ಒಂದೇ ಎಲೆಯನ್ನು ಬರೆದೆ. ಹಾಸುಹೊಕ್ಕು ಅವರು ಹೇಳಿದ ಮಾತು ಕಣ್ಣೆದುರೇ ನಿಂತಿತು: ಎರಡನೆಯದರಲ್ಲಿ ಕಡು ಬಣ್ಣದ ಕಂಬಳಿಹುಳು, ಮೂರನೆಯದರಲ್ಲಿ ಚೂಪಾದ ಆದರೆ ಬಿಳಿಚಿದ ಎಲೆ, ನಾಲ್ಕನೆಯದರಲ್ಲಿ ಮಾತ್ರ ನಾನು ಬರೆಯಬೇಕೆಂದಿದ್ದ ಎಲೆ.

ಆದರೆ ಎರಡು ಹೊಸ ತೊಡಕುಗಳಿವೆ. ಕಪ್ಪು ಡೈಯಿಂದ ಎಳೆದ ದಂಟಿನ ಸುತ್ತ ನೇರಳೆ ಬಣ್ಣದ ಒಂದು ನೆರಳು ಮೂಡಿದೆ. ಟರ್ಕಾಯ್ಸ್ ನೀಲಿ ಮಾತ್ರ ಉಳಿದ ಬಣ್ಣಗಳಿಗೆ ಹೋಲಿಸಿದರೆ ಬಹಳ ಪೇಲವವಾಗಿದೆ, ಒಗೆಯುವಾಗ ಅದೊಂದೇ ನೀರಿನಲ್ಲಿ ಬಿಡುತ್ತಲೇ ಇತ್ತು.

ಬಣ್ಣದಬೋಗುಣಿ

ರಿಯಾಕ್ಟಿವ್ ಕಪ್ಪು ಸಾಮಾನ್ಯವಾಗಿ ಒಂದೇ ಡೈ ಅಲ್ಲ, ಮೂರು ನಾಲ್ಕು ಡೈಗಳ ಮಿಶ್ರಣ. ನೂಲಿನ ಮೇಲೆ ಒಂದೊಂದೂ ಒಂದೊಂದು ವೇಗದಲ್ಲಿ ಸಾಗುತ್ತದೆ. ಹೀರುಕಾಗದದ ಮೇಲೆ ಕಪ್ಪು ಇಂಕಿನ ಹನಿ ಬಿಟ್ಟಾಗ ಬಣ್ಣಬಣ್ಣದ ಬಳೆಗಳಾಗುವಂತೆ, ಮುಂದೆ ಓಡಿದ ಬಣ್ಣ ನಿಮ್ಮ ದಂಟಿನ ಸುತ್ತ ನೆರಳಾಗಿ ನಿಂತಿದೆ. ಕಪ್ಪಿಗೆ ಮಾತ್ರ ಆಲ್ಜಿನೇಟನ್ನು ಇನ್ನಷ್ಟು ಗಟ್ಟಿ ಹದದಲ್ಲಿ ಬಳಸಿ, ಕುಂಚದಲ್ಲಿ ಕಡಿಮೆ ತುಂಬಿಕೊಳ್ಳಿ. ಅಷ್ಟಕ್ಕೂ ನೆರಳು ಹೋಗದಿದ್ದರೆ ದಂಟನ್ನು ಮಸಿಕುಡಿಕೆಯವರ ಪಿಗ್ಮೆಂಟಿಗೆ ಬಿಟ್ಟುಕೊಡುವುದೇ ಒಳ್ಳೆಯದು.

ಟರ್ಕಾಯ್ಸ್ ಡೈಯ ಅಣು ತಾಮ್ರವಿರುವ ದೊಡ್ಡ ಅಣು, ಅದು ನಿಧಾನವಾಗಿ ಕೂಡುತ್ತದೆ. ಫ್ಯೂಶಿಯಾ ಕೆಂಪು ಕೆಲವೇ ಗಂಟೆಗಳಲ್ಲಿ ಮುಗಿಸುವ ಕೆಲಸಕ್ಕೆ ಇದಕ್ಕೆ ಹೆಚ್ಚು ಬೆಚ್ಚಗಿನ ಜಾಗವೂ ಹೆಚ್ಚು ಸಮಯವೂ ಬೇಕು. ಸುರುಳಿಯನ್ನು ಪ್ಲಾಸ್ಟಿಕ್ ಸಮೇತ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಟ್ಟು ನೋಡಿ. ಒಗೆಯುವಾಗ ಮೊದಲು ತಣ್ಣೀರಿನಲ್ಲಿ ಸೋಡಾ ಮತ್ತು ಆಲ್ಜಿನೇಟ್ ಪೂರ್ತಿ ಹೋಗುವವರೆಗೆ ಜಾಲಿಸಿ, ಆಮೇಲೆ 60 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ನೀರಿನಲ್ಲಿ ಸೋಪು ಹಾಕಿ ಒಗೆಯಿರಿ. ಕೂಡದೆ ಉಳಿದ ಡೈ ತಣ್ಣೀರಿಗೆ ಪೂರ್ತಿ ಬಿಡುವುದಿಲ್ಲ, ಉಳಿದದ್ದು ಬಿಸಿನೀರಿಗೇ ಬಿಡುವುದು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕಿತ್ತು. ಡೈ ಪುಡಿಯನ್ನು ತೂಗುವಾಗ ಮುಖಕ್ಕೆ ಧೂಳು ತಡೆಯುವ ಸರಿಯಾದ ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ನಿಲ್ಲಿಸಿ, ಮೇಜಿನ ಮೇಲೆ ಒದ್ದೆ ಕಾಗದ ಹಾಸಿ. ರಿಯಾಕ್ಟಿವ್ ಡೈಯ ಧೂಳು ಉಸಿರಿನಲ್ಲಿ ಸೇರುತ್ತಿದ್ದರೆ ಕೆಲವರಿಗೆ ಉಬ್ಬಸದಂಥ ಅಲರ್ಜಿ ಬರುತ್ತದೆ, ಒಮ್ಮೆ ಬಂದರೆ ಮುಂದೆ ಚಿಟಿಕೆ ಪುಡಿಗೂ ಅದು ಕೆರಳುತ್ತದೆ. ನೀರಿನಲ್ಲಿ ಕರಗಿದ ಮೇಲೆ ಆ ಭಯ ಕಡಿಮೆ, ಕೈಗೆ ಗವಸು ಇದ್ದರೆ ಸಾಕು. ಅಡುಗೆಯ ಚಮಚ, ಬಟ್ಟಲುಗಳನ್ನು ಈ ಕೆಲಸಕ್ಕೆ ತಂದರೆ ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ತಿಳಿನೀಲಿ

ಕುಂಚಬಳ್ಳಿಯವರ ನಾಲ್ಕು ಪಟ್ಟಿಗಳ ಪರೀಕ್ಷೆಯನ್ನು ನಾನೂ ಮಾಡಿದೆ, ನಾಲ್ಕರಲ್ಲೂ ಬಣ್ಣ ಹೋಯಿತು! ಬಳಿಕ ಆ ಬಟ್ಟೆಯ ಒಂದು ನೂಲನ್ನು ಬಿಡಿಸಿ ಸುಟ್ಟು ನೋಡಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯಬೇಕಿತ್ತು. ಇದು ಕರಗಿ, ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿಯಾಯಿತು. ಅಪ್ಪಟ ಹತ್ತಿಯೆಂದು ಹೇಳಿ ಕೊಟ್ಟವರ ಮಾತನ್ನು ನಂಬಿದ್ದು ನನ್ನ ತಪ್ಪು.

ಹಾಸುಹೊಕ್ಕು

ಅದು ಪಾಲಿಯೆಸ್ಟರ್, ಅಥವಾ ಪಾಲಿಯೆಸ್ಟರ್ ಹೆಚ್ಚಿರುವ ಮಿಶ್ರನೂಲು. ಅದರೊಂದಿಗೆ ರಿಯಾಕ್ಟಿವ್ ಡೈ ಕೂಡುವುದೇ ಇಲ್ಲ. ಆ ಬಟ್ಟೆಯನ್ನು ಎಸೆಯಬೇಡಿ: ಪಾಲಿಯೆಸ್ಟರಿಗೆ ಹಿಡಿಯುವ ಡಿಸ್ಪರ್ಸ್ ಡೈಯಿಂದ ಕಾಗದದ ಮೇಲೆ ಚಿತ್ರ ಬರೆದು ಒಣಗಿಸಿ, ಬಟ್ಟೆಯ ಮೇಲೆ ಮಗುಚಿಟ್ಟು ಬಿಸಿಯಾಗಿ ಒತ್ತಿದರೆ ಚಿತ್ರ ಅದಕ್ಕೆ ಇಳಿಯುತ್ತದೆ. ಹೀಟ್ ಪ್ರೆಸ್ಸಿನಲ್ಲಿ 180ರಿಂದ 200 ಡಿಗ್ರಿ ಇಡುತ್ತಾರೆ, ಮನೆಯ ಇಸ್ತ್ರಿಪೆಟ್ಟಿಗೆಯಾದರೆ ಬಟ್ಟೆ ಕರಗದಂತೆ ತುಂಡಿನ ಮೇಲೆ ಮೊದಲು ಪ್ರಯತ್ನಿಸಿ. ಚಿತ್ರ ಬಲ ಎಡವಾಗಿ ಬರುವುದರಿಂದ ಅಕ್ಷರಗಳಿದ್ದರೆ ಕನ್ನಡಿಯಲ್ಲಿ ಕಾಣುವಂತೆ ಬರೆಯಬೇಕು.

ಕುಂಚಬಳ್ಳಿ

ಟರ್ಕಾಯ್ಸ್ ಹೂಗಳನ್ನು ಹೊಸ ಪಟ್ಟಿಯ ಮೇಲೆ ಬರೆದು, ಸುರುಳಿ ಸುತ್ತಿ, ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ ಹಳೆಯ ಹೊದಿಕೆಯೊಳಗೆ ಇಟ್ಟಿದ್ದೇನೆ. ದಂಟುಗಳ ಜಾಗವನ್ನು ಪಿಗ್ಮೆಂಟಿಗೆಂದು ಖಾಲಿ ಬಿಟ್ಟಿದ್ದೇನೆ. ನಾಡಿದ್ದು ಸಂಜೆಯವರೆಗೆ ಅದನ್ನು ಬಿಚ್ಚಿ ನೋಡದಿರುವುದೇ ಈಗ ನನಗೆ ಕಷ್ಟದ ಕೆಲಸವಾಗಿದೆ.